ಕಸಿ ಆದವರ ಎದೆಯಲ್ಲಿ ಗಂಟು: ಟಿಬಿ ಮಾತ್ರೆ ಶುರು ಮಾಡಬೇಕಾ, ಕಾಯಬೇಕಾ?

ಒಂದೇಕಿಡ್ನಿ
ಅಣ್ಣನಿಗೆ ಕಿಡ್ನಿ ಕಸಿ ಆಗಿ ಒಂದು ವರ್ಷದ ಮೇಲಾಯಿತು. ಕೊಟ್ಟವಳು ನಾನೇ. ನಡುವೆ ಒಂದು ಸಲ ರಿಜೆಕ್ಷನ್ (ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸೋದು) ಆಗಿ ಜಾಸ್ತಿ ಡೋಸ್ ಸ್ಟೀರಾಯ್ಡ್ ಡ್ರಿಪ್‌ನಲ್ಲಿ ಕೊಟ್ಟಿದ್ದರು. ಅದು ಸರಿಹೋಯಿತು. ಈಗ ಕೆಲವು ವಾರಗಳಿಂದ ಸುಸ್ತು, ಊಟ ಸೇರುತ್ತಿಲ್ಲ, ಸಂಜೆ ಮೈ ಸ್ವಲ್ಪ ಬೆಚ್ಚಗಿರುತ್ತದೆ. ಕೆಮ್ಮು ಅಂಥದ್ದೇನಿಲ್ಲ. ಸಿಟಿ ಸ್ಕ್ಯಾನ್ ಮಾಡಿದರೆ ಬಲ ಶ್ವಾಸಕೋಶದಲ್ಲಿ ಮೂರು ಗಂಟು, ಒಂದರ ಒಳಗೆ ಟೊಳ್ಳು. ಕಫದ ರಿಪೋರ್ಟ್‌ನಲ್ಲಿ "ಆಸಿಡ್ ಫಾಸ್ಟ್ ಬ್ಯಾಕ್ಟೀರಿಯಾ, ತೀರಾ ಕಡಿಮೆ" ಅಂತ ಬರೆದಿದ್ದಾರೆ.

ಎದೆ ಡಾಕ್ಟರ್ ಇವತ್ತೇ ಟಿಬಿ ಮಾತ್ರೆ ಶುರು ಮಾಡಿ ಎನ್ನುತ್ತಾರೆ. ಕಿಡ್ನಿ ಡಾಕ್ಟರ್ (ನೆಫ್ರಾಲಜಿಸ್ಟ್) ತಡೀರಿ, ಬ್ರಾಂಕೋಸ್ಕೊಪಿ (ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಇಳಿಸೋದು) ಮಾಡಿ ನೋಡೋಣ, ಬೇರೆ ಏನಾದರೂ ಇರಬಹುದು ಎನ್ನುತ್ತಾರೆ. ಮನೆಯಲ್ಲಿ ಎರಡು ಪಕ್ಷ ಆಗಿದೆ. ಯಾರ ಮಾತು ಕೇಳೋದು?

ಇನ್ನೊಂದು. ಅವನು ದಿನಾ ಕೋ-ಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ನುಂಗುತ್ತಾನೆ. ಇನ್ಫೆಕ್ಷನ್ ಬರಬಾರದು ಅಂತ ತಾನೇ ಅದನ್ನು ಕೊಡೋದು? ಮತ್ತೆ ಹೇಗೆ ಬಂತು?

ಸುಮ್ನೆ_ಓದುಗ
ನೆಫ್ರಾಲಜಿಸ್ಟ್ ಮಾತು ಕೇಳಿ. ಕಿಡ್ನಿ ಅವರ ಜವಾಬ್ದಾರಿ.

ಜಗಳಗಂಟ
ಕಾಯೋದು ಅಂದರೆ ಎಲ್ಲಿಯವರೆಗೆ? ಕಸಿ ಆದವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಎಂದೋ ಸೇರಿಕೊಂಡು ಮಲಗಿದ್ದ ಟಿಬಿ ರೋಗನಿರೋಧಕ ಶಕ್ತಿ ತಗ್ಗಿಸಿದಾಗ ಎದ್ದು ಕೂರುತ್ತದೆ. ಟೊಳ್ಳು ಇದೆ, ಆಸಿಡ್ ಫಾಸ್ಟ್ ಇದೆ. ಇನ್ನೇನು ಸಾಕ್ಷಿ ಬೇಕು? ಡಾಕ್ಟರುಗಳ ಜಗಳದಲ್ಲಿ ಪೇಷಂಟ್ ಸೊರಗುತ್ತಾನೆ.

ಲ್ಯಾಬ್_ಕೋಟು
ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಜಗಳಗಂಟ ಅವರೇ, ಆಸಿಡ್ ಫಾಸ್ಟ್ ಅಂದ ತಕ್ಷಣ ಟಿಬಿ ಅಲ್ಲ. ಟಿಬಿಯ ಹತ್ತಿರದ ಸಂಬಂಧಿಗಳು ಬೇಕಾದಷ್ಟಿವೆ, ಅವೂ ಹಾಗೇ ಬಣ್ಣ ಹಿಡಿಯುತ್ತವೆ. ಇನ್ನೊಂದು ನೊಕಾರ್ಡಿಯಾ, ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ. ಅದು ಅರೆಬರೆ ಆಸಿಡ್ ಫಾಸ್ಟ್.

ಬಣ್ಣ ಹಾಕಿದ ಮೇಲೆ ಆಸಿಡ್‌ನಲ್ಲಿ ತೊಳೆಯುತ್ತೇವೆ. ಆಗಲೂ ಬಣ್ಣ ಬಿಡದಿದ್ದರೆ ಅದು ಆಸಿಡ್ ಫಾಸ್ಟ್. ಟಿಬಿಗೆ 20ರಿಂದ 25% ಸಲ್ಫ್ಯೂರಿಕ್ ಆಸಿಡ್ ಬಳಸುವುದು ರೂಢಿ. ಅಷ್ಟು ಜೋರಿಗೆ ನೊಕಾರ್ಡಿಯಾದ ಬಣ್ಣ ಬಹುಪಾಲು ಹೊರಟೇ ಹೋಗುತ್ತದೆ. ಅಲ್ಲಲ್ಲಿ ಒಂದು ತುಂಡು ಕೆಂಪಾಗಿ ಉಳಿದರೆ ಯಾರೋ "ತೀರಾ ಕಡಿಮೆ" ಅಂತ ಬರೆಯುತ್ತಾರೆ. ಅದೇ ಸ್ಲೈಡನ್ನು 1% ಆಸಿಡ್‌ನಲ್ಲಿ ತೊಳೆದು ನೋಡಿ, ಎಳೆ ಎಳೆಯಾಗಿ ಕಾಣುತ್ತದೆ. ಗ್ರಾಮ್ ಸ್ಟೇನ್ ಎಂಬ ಇನ್ನೊಂದು ಬಣ್ಣದ ಪರೀಕ್ಷೆಯಲ್ಲಂತೂ ತಪ್ಪಿಸಿಕೊಳ್ಳೋದೇ ಕಷ್ಟ. ತೆಳು ನೀಲಿ ಎಳೆಗಳು, ಕೊಂಬೆ ಕೊಂಬೆಯಾಗಿ ಒಡೆದಿರುತ್ತವೆ, ಬಣ್ಣ ಒಂದೇ ಸಮ ಹಿಡಿಯದೆ ಮಣಿ ಪೋಣಿಸಿದ ಹಾಗೆ ಕಾಣುತ್ತದೆ. ಟಿಬಿ ಹಾಗೆ ಕವಲು ಒಡೆಯುವುದಿಲ್ಲ.

ಅಕ್ಕ, ಒಂದು ಕೆಲಸ ಮಾಡಿ. ಕಫದ ಗ್ರಾಮ್ ಸ್ಟೇನ್ ಮಾಡಿದ್ದಾರಾ ಕೇಳಿ. ಸ್ಯಾಂಪಲ್ ಜೊತೆ ಹೋಗುವ ಚೀಟಿಯಲ್ಲಿ "ಕಿಡ್ನಿ ಕಸಿ ಆದವರು, ನೊಕಾರ್ಡಿಯಾ ನೋಡಿ" ಅಂತ ಡಾಕ್ಟರ್ ಕೈಲಿ ಬರೆಸಿ. ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ಕಲ್ಚರ್ ಪ್ಲೇಟನ್ನು ಎರಡು ದಿನಕ್ಕೆ ಎಸೆದುಬಿಡುತ್ತೇವೆ. ನೊಕಾರ್ಡಿಯಾ ಕೆಲವೊಮ್ಮೆ ಮೂರು ದಿನಕ್ಕೇ ಬರುತ್ತದೆ, ಕೆಲವೊಮ್ಮೆ ಎರಡು ಮೂರು ವಾರ ಹಿಡಿಯುತ್ತದೆ. ನೀವು ಬರೆಯದಿದ್ದರೆ ನಾವು ಇಟ್ಟುಕೊಳ್ಳೋದಿಲ್ಲ. ಚೀಟಿಯಲ್ಲಿ ಬರೀ "ಜ್ವರ" ಅಂತ ಬರೆದು ಕಳಿಸುವವರ ಮೇಲೆ ನನಗೆ ವರ್ಷಗಳ ಸಿಟ್ಟಿದೆ, ಅದು ಬೇರೆ ವಿಷಯ.

ಹಿತ್ತಲಗಿಡ
ನೊಕಾರ್ಡಿಯಾ ಬೆಳೆದ ಪ್ಲೇಟು ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದಂತೆ, ನಿಜವಾ?

ಲ್ಯಾಬ್_ಕೋಟು
ನಿಜ. ಸುಣ್ಣ ಬಳಿದ ಹಾಗೆ ಬಿಳಿ, ಒಣಕಲು ಕಾಲೊನಿ. ಮುಚ್ಚಳ ತೆಗೆದರೆ ಮಣ್ಣಿನ ಘಮ. ಆದರೆ ಮೂಗು ಹತ್ತಿರ ಒಯ್ಯಬಾರದು. ಇದು ಉಸಿರಿನಲ್ಲೇ ಒಳಗೆ ಹೋಗುವ ಜಾತಿ.

ಮಾತ್ರೆಡಬ್ಬಿ
ಫಾರ್ಮಸಿಸ್ಟ್ ಇಲ್ಲಿ. ಎದೆ ಡಾಕ್ಟರ್ ಬರೆದ ಚೀಟಿಯಲ್ಲಿ ರಿಫಾಂಪಿಸಿನ್ ಇರುತ್ತದೆ, ಅಲ್ವಾ? ಅಣ್ಣ ಟ್ಯಾಕ್ರೋಲಿಮಸ್ (ರಿಜೆಕ್ಷನ್ ತಡೆಯುವ ಮದ್ದು) ತೆಗೆದುಕೊಳ್ಳುತ್ತಿದ್ದರೆ ಇವೆರಡರ ಜಗಳ ದೊಡ್ಡದು. ಲಿವರ್ ಮತ್ತು ಕರುಳಿನಲ್ಲಿ ಟ್ಯಾಕ್ರೋಲಿಮಸನ್ನು ಒಡೆಯುವ ಕಿಣ್ವ ಒಂದಿದೆ. ರಿಫಾಂಪಿಸಿನ್ ಅದನ್ನು ಕೆರಳಿಸುತ್ತದೆ. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಧೊಪ್ಪನೆ ಇಳಿಯುತ್ತದೆ, ಡೋಸನ್ನು ಹಲವು ಪಟ್ಟು ಏರಿಸಬೇಕಾಗುತ್ತದೆ. ಏರಿಸದಿದ್ದರೆ ರಿಜೆಕ್ಷನ್. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಅದರ ಪ್ರಭಾವ ಇರುತ್ತದೆ. ಏರಿಸಿದ ಡೋಸ್ ಆಗ ಇಳಿಸದಿದ್ದರೆ ಉಲ್ಟಾ, ಟ್ಯಾಕ್ರೋಲಿಮಸ್ ವಿಷದ ಮಟ್ಟಕ್ಕೆ ಹೋಗುತ್ತದೆ. ನೆಫ್ರಾಲಜಿಸ್ಟ್ "ತಡೀರಿ" ಅಂದಿದ್ದು ಸುಮ್ನೆ ಅಲ್ಲ. ಒಮ್ಮೆ ರಿಜೆಕ್ಷನ್ ಆದ ಕಿಡ್ನಿ ಬೇರೆ.

ಜಗಳಗಂಟ
ಹಾಗಾದರೆ ಕಸಿ ಆದವರಿಗೆ ಟಿಬಿ ಬಂದರೆ ಚಿಕಿತ್ಸೆಯೇ ಇಲ್ಲವಾ? ಏನು ಮಾತು ಇದು.

ಮಾತ್ರೆಡಬ್ಬಿ
ಹಾಗೆ ಎಲ್ಲಿ ಹೇಳಿದೆ? ಟಿಬಿ ಖಚಿತ ಆದರೆ ಕೊಡಲೇಬೇಕು. ರಿಫಾಂಪಿಸಿನ್ ಬದಲು ರಿಫಾಬ್ಯೂಟಿನ್ ಕೊಡಬಹುದು, ಅದರ ಕಾಟ ಕಡಿಮೆ. ಇಲ್ಲವೇ ಮಟ್ಟವನ್ನು ಮತ್ತೆ ಮತ್ತೆ ಅಳೆದುಕೊಂಡು ರಿಫಾಂಪಿಸಿನ್ ಕೊಡಬಹುದು. ಅಂದಾಜಿನ ಮೇಲೆ ಶುರು ಮಾಡಬಾರದು ಅಂತ ಹೇಳಿದ್ದು, ಅಷ್ಟೇ.

ಪಿಜಿ_ನಿದ್ದೆಗೆಟ್ಟವ
ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಓದಿಕೊಳ್ಳಿ.

ಇಲ್ಲಿ ಯಾರೂ ಜೀನ್‌ಎಕ್ಸ್‌ಪರ್ಟ್ ಬಗ್ಗೆ ಕೇಳಲಿಲ್ಲ. ಟಿಬಿಯ ಡಿಎನ್‌ಎ ಹುಡುಕುವ ಕಾರ್ಟ್ರಿಡ್ಜ್ ಟೆಸ್ಟ್. ಯಂತ್ರಕ್ಕೆ ಹಾಕಿದರೆ ಎರಡು ಗಂಟೆಯಲ್ಲಿ ಫಲಿತಾಂಶ. ಸ್ಲೈಡ್‌ನಲ್ಲಿ ಆಸಿಡ್ ಫಾಸ್ಟ್ ಕಂಡು, ಜೀನ್‌ಎಕ್ಸ್‌ಪರ್ಟ್ ನೆಗೆಟಿವ್ ಬಂದರೆ ಟಿಬಿ ಮೇಲಿನ ಅನುಮಾನ ತುಂಬಾ ಇಳಿಯುತ್ತದೆ. ಆಗ ನೊಕಾರ್ಡಿಯಾ ಅಥವಾ ಟಿಬಿಯ ಸಂಬಂಧಿಗಳನ್ನು ಹುಡುಕಬೇಕು.

ಜಗಳಗಂಟ ಅವರು ಹೇಳಿದ್ದರಲ್ಲೂ ಅರ್ಥವಿದೆ. ವಾರಗಟ್ಟಲೆ ಕಾಯೋದು ತಪ್ಪು. ಬ್ರಾಂಕೋಸ್ಕೊಪಿ ಒಂದೆರಡು ದಿನದಲ್ಲಿ ಆಗಬೇಕು. ನಡುವೆ ಉಸಿರಾಟ ಕೆಟ್ಟರೆ ಎಲ್ಲ ಲೆಕ್ಕ ಬದಲಾಗುತ್ತದೆ.

ಒಂದು ವರ್ಷ ಆದ ಮೇಲೆ ಇದು ಯಾಕೆ ಬಂತು ಅನ್ನೋದಕ್ಕೆ ಉತ್ತರ ನಿಮ್ಮ ಪೋಸ್ಟ್‌ನಲ್ಲೇ ಇದೆ. ಮೊದಲ ತಿಂಗಳು ಆಪರೇಷನ್ ಮತ್ತು ಆಸ್ಪತ್ರೆಯ ಇನ್ಫೆಕ್ಷನ್‌ಗಳು: ಗಾಯ, ಟ್ಯೂಬು, ಮೂತ್ರ. ಒಂದರಿಂದ ಆರು ತಿಂಗಳು ಅವಕಾಶವಾದಿ ರೋಗಾಣುಗಳ ಕಾಲ, ಯಾಕೆಂದರೆ ಆಗ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಜೋರಿರುತ್ತದೆ. ಆಮೇಲೆ ಎಲ್ಲರಿಗೂ ಬರುವಂಥ ನ್ಯುಮೋನಿಯಾ, ಮೂತ್ರದ ಸೋಂಕು. ಇದು ಪಾಠ. ಆದರೆ ರಿಜೆಕ್ಷನ್‌ಗೆ ಜಾಸ್ತಿ ಸ್ಟೀರಾಯ್ಡ್ ಕೊಟ್ಟರೆ ಗಡಿಯಾರ ಮತ್ತೆ ಹಿಂದಕ್ಕೆ ಹೋಗುತ್ತದೆ. ಕ್ಯಾಲೆಂಡರ್‌ನಲ್ಲಿ ಒಂದು ವರ್ಷ, ದೇಹಕ್ಕೆ ಮೂರನೇ ತಿಂಗಳು.

ಎರಡನೇ_ಇನಿಂಗ್ಸ್
ನಾನೂ ಕಸಿ ಆದವನು. ಒಂದು ಮಾತು ಎಲ್ಲರೂ ಮರೆಯುತ್ತಾರೆ. ನಮಗೆ ಜ್ವರ ಸರಿಯಾಗಿ ಬರುವುದಿಲ್ಲ. ಸ್ಟೀರಾಯ್ಡ್ ಎಲ್ಲವನ್ನೂ ಮುಚ್ಚಿಹಾಕುತ್ತದೆ. "ಮೈ ಸ್ವಲ್ಪ ಬೆಚ್ಚಗೆ" ಅಂತ ನೀವು ಬರೆದಿದ್ದು ಬೇರೆಯವರಿಗೆ 103 ಡಿಗ್ರಿ ಬಂದ ಲೆಕ್ಕ.

ನನಗೆ ಹೊಸ ಕಿಡ್ನಿಗೇ ಸೋಂಕು ಆಗಿತ್ತು. ಹೊಸ ಕಿಡ್ನಿ ಇರೋದು ಕೆಳಹೊಟ್ಟೆಯಲ್ಲಿ, ಅದರ ನರಗಳನ್ನು ಕತ್ತರಿಸಿಯೇ ತಂದಿರುತ್ತಾರೆ. ಹಾಗಾಗಿ ಬೆನ್ನು ನೋವು ಅಂತ ಬರಲೇ ಇಲ್ಲ. ಉರಿಮೂತ್ರವೂ ಇಲ್ಲ. ಒಂದು ರಾತ್ರಿ ನಡುಕ, ಮರುದಿನ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತದ ಅಳತೆ) ಏರಿತ್ತು. ಒಂದು ಆಸ್ಪತ್ರೆಯಲ್ಲಿ ಇದು ರಿಜೆಕ್ಷನ್ ಅಂತ ಹೇಳಿ ಸ್ಟೀರಾಯ್ಡ್ ಹಾಕಲು ಹೊರಟಿದ್ದರು. ಮೂತ್ರದ ಕಲ್ಚರ್ ಕಳಿಸಿರಲೇ ಇಲ್ಲ! ನನ್ನ ಹೆಂಡತಿ ಹಟ ಹಿಡಿದು ಕಳಿಸಿದಳು. ಇ. ಕೋಲೈ ಬಂತು, ರಕ್ತದಲ್ಲೂ ಅದೇ ಬಂತು. ಆಂಟಿಬಯಾಟಿಕ್ ಕೊಟ್ಟ ಮೇಲೆ ಕ್ರಿಯಾಟಿನಿನ್ ತಾನಾಗಿಯೇ ಇಳಿಯಿತು.

ತಿಂಗಳಿಗೊಂದ್ಸಲ
ಅದಕ್ಕೇ ನಾನು ಪ್ರತಿ ತಿಂಗಳು ಮೂತ್ರದ ಕಲ್ಚರ್ ಮಾಡಿಸುತ್ತೇನೆ. ಬ್ಯಾಕ್ಟೀರಿಯಾ ಕಂಡರೆ ಐದು ದಿನ ಆಂಟಿಬಯಾಟಿಕ್. ಏನೂ ತೊಂದರೆ ಇಲ್ಲದಿದ್ದರೂ ಮಾಡಿಸುತ್ತೇನೆ. ಮುಂಜಾಗ್ರತೆ.

ಪಿಜಿ_ನಿದ್ದೆಗೆಟ್ಟವ
ಅಯ್ಯೋ, ಬೇಡ. ಲಕ್ಷಣ ಏನೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದರೆ, ಕಸಿ ಆಗಿ ಒಂದು ತಿಂಗಳು ದಾಟಿದವರಲ್ಲಿ ಹುಡುಕಲೂಬೇಡಿ, ಚಿಕಿತ್ಸೆಯೂ ಬೇಡ ಅಂತ ಅಮೆರಿಕದ ಸೋಂಕುರೋಗ ತಜ್ಞರ ಸಂಘ 2019ರಲ್ಲೇ ಹೇಳಿದೆ. ಕಿಡ್ನಿಗೆ ಏನೂ ಲಾಭ ಕಾಣಲಿಲ್ಲ. ಪ್ರತಿ ಸಲ ಆಂಟಿಬಯಾಟಿಕ್ ಕೊಟ್ಟರೆ ಮದ್ದಿಗೆ ಬಗ್ಗದ ತಳಿ ಉಳಿದುಕೊಳ್ಳುತ್ತದೆ. ಮುಂದೆ ನಿಜವಾದ ಸೋಂಕು ಬಂದಾಗ ಕೈಯಲ್ಲಿ ಮದ್ದೇ ಇರುವುದಿಲ್ಲ.

ತಿಂಗಳಿಗೊಂದ್ಸಲ
ನನ್ನ ಡಾಕ್ಟರೇ ಹೇಳಿದ್ದು ಮಾಡಿಸಿ ಅಂತ.

ಎರಡನೇ_ಇನಿಂಗ್ಸ್
ನಾನು ಹೇಳಿದ್ದು ನಡುಕ ಬಂದಾಗ ಕಲ್ಚರ್ ಮಾಡಿಸಿ ಅಂತ. ಆರಾಮಾಗಿದ್ದಾಗ ಅಲ್ಲ. ಎರಡಕ್ಕೂ ವ್ಯತ್ಯಾಸ ಇದೆ ಮಾರಾಯರೇ.

ತಿಂಗಳಿಗೊಂದ್ಸಲ
ಆಯ್ತು, ಮುಂದಿನ ಸಲ ಅವರನ್ನೇ ಕೇಳುತ್ತೇನೆ. ನೀವು ಬೈದಿದ್ದೀರಿ ಅಂತಲೂ ಹೇಳುತ್ತೇನೆ.

ಹಿತ್ತಲಗಿಡ
ನೊಕಾರ್ಡಿಯಾ ಮಣ್ಣಿನಲ್ಲಿ ಇರುತ್ತದೆ ಅಂದರೆ ನಾವು ತೋಟದ ಕೆಲಸ ಬಿಡಬೇಕಾ? ನನಗೂ ಕಸಿ ಆಗಿದೆ. ಗಿಡ ಬಿಟ್ಟರೆ ನನಗೆ ಬೇರೆ ಲೋಕವೇ ಇಲ್ಲ.

ಪಿಜಿ_ನಿದ್ದೆಗೆಟ್ಟವ
ಮೊದಲ ಆರು ತಿಂಗಳು ಮತ್ತು ರಿಜೆಕ್ಷನ್ ಚಿಕಿತ್ಸೆ ಆದ ನಂತರದ ತಿಂಗಳುಗಳಲ್ಲಿ ದೂರ ಇರಿ. ಆಮೇಲೆ ಗ್ಲೌಸು, ಬೂಟು, ಮಾಸ್ಕು. ಒಣ ಮಣ್ಣು ಜರಡಿ ಹಿಡಿಯೋದು, ಗೊಬ್ಬರದ ಗುಂಡಿ ಕೆದಕೋದು ಬೇರೆಯವರಿಗೆ ಬಿಡಿ. ಮುಳ್ಳು ಚುಚ್ಚಿದ ಜಾಗದಲ್ಲಿ ಗಂಟು ಎದ್ದು ವಾಸಿಯಾಗದಿದ್ದರೆ ತೋರಿಸಿ. ನೊಕಾರ್ಡಿಯಾ ಚರ್ಮದಿಂದಲೂ ಒಳಗೆ ಬರುತ್ತದೆ.

ಕುತೂಹಲಿ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ಟ್ಯಾಕ್ರೋಲಿಮಸ್ ಎಲ್ಲಿಂದ ಬಂತು ಗೊತ್ತಾ? ಮಣ್ಣಿನ ಬ್ಯಾಕ್ಟೀರಿಯಾದಿಂದಲೇ! 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್‌ನಿಂದ ತೆಗೆದರು. ಆ ಸ್ಟ್ರೆಪ್ಟೊಮೈಸಿಸ್, ಈ ನೊಕಾರ್ಡಿಯಾ, ಅಷ್ಟೇ ಯಾಕೆ ಟಿಬಿಯೂ, ಎಲ್ಲ ಒಂದೇ ದೊಡ್ಡ ಕುಲ. ಒಬ್ಬ ಬಾಗಿಲು ತೆಗೆದುಕೊಡುತ್ತಾನೆ, ದಾಯಾದಿ ಒಳಗೆ ನುಗ್ಗುತ್ತಾನೆ. ಕಸಿಯ ಇನ್ನೊಂದು ಮದ್ದು ಸಿರೊಲಿಮಸ್ ಕೂಡ ಈಸ್ಟರ್ ದ್ವೀಪದ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದಲೇ ಬಂದದ್ದು.

ಲ್ಯಾಬ್_ಕೋಟು
ಟಿಬಿಗೆ ಮೊದಲ ಮದ್ದು ಸ್ಟ್ರೆಪ್ಟೊಮೈಸಿನ್. ಅದನ್ನು ಕೊಟ್ಟದ್ದೂ ಅದೇ ಮನೆತನ.

ಕುತೂಹಲಿ
1954ರಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಿಡ್ನಿ ಕಸಿಯಲ್ಲಿ ಈ ರಗಳೆಯೇ ಇರಲಿಲ್ಲ. ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು. ಶಕ್ತಿ ತಗ್ಗಿಸುವ ಮದ್ದೇ ಬೇಕಾಗಲಿಲ್ಲ.

ಜಗಳಗಂಟ
ಅಕ್ಕನ ಅಣ್ಣ ಆಸ್ಪತ್ರೆಯಲ್ಲಿದ್ದಾನೆ, ಇಲ್ಲಿ ಈಸ್ಟರ್ ದ್ವೀಪಕ್ಕೆ ಪ್ರವಾಸ ಹೊರಟಿದ್ದೀರಿ.

ಒಂದೇಕಿಡ್ನಿ
ಪರವಾಗಿಲ್ಲ, ಆಸ್ಪತ್ರೆ ಬೆಂಚಿನ ಮೇಲೆ ಕೂತು ಇದನ್ನೇ ಓದುತ್ತಿದ್ದೆ. ಸಮಯ ಹೋಯಿತು.

ಸುದ್ದಿ ಇದೆ. ಬ್ರಾಂಕೋಸ್ಕೊಪಿ ಆಯಿತು. ಜೀನ್‌ಎಕ್ಸ್‌ಪರ್ಟ್ ನೆಗೆಟಿವ್. ಚೀಟಿಯಲ್ಲಿ ಬರೆಸಿದೆ. ಲ್ಯಾಬಿನವರೇ ಫೋನ್ ಮಾಡಿ ಕವಲೊಡೆದ ಎಳೆಗಳು ಕಾಣುತ್ತಿವೆ ಅಂದರು. ಕೆಲವು ದಿನ ಬಿಟ್ಟು ಕಲ್ಚರ್‌ನಲ್ಲೂ ನೊಕಾರ್ಡಿಯಾ ಬಂತು. ಎದೆ ಡಾಕ್ಟರ್ ಕೂಡ ಒಪ್ಪಿದರು. ತಲೆಯ ಎಂಆರ್‌ಐ ಮಾಡಬೇಕು ಅಂತಿದ್ದಾರೆ. ತಲೆನೋವು, ಫಿಟ್ಸ್ ಏನೂ ಇಲ್ಲ. ಯಾಕೆ ಬೇಕು?

ಪಿಜಿ_ನಿದ್ದೆಗೆಟ್ಟವ
ಮಾಡಿಸಿ, ತಪ್ಪಿಸಬೇಡಿ. ನೊಕಾರ್ಡಿಯಾಗೆ ಶ್ವಾಸಕೋಶದಿಂದ ರಕ್ತದ ಮೂಲಕ ಮೆದುಳಿಗೆ ಹೋಗುವ ಚಟ ಇದೆ. ಲಕ್ಷಣ ಇಲ್ಲದೆಯೇ ಅಲ್ಲಿ ಕೀವುಗಂಟು ಇರಬಹುದು. ಇದ್ದರೆ ಮದ್ದಿನ ಆಯ್ಕೆಯೂ ಅವಧಿಯೂ ಬದಲಾಗುತ್ತದೆ. ಶ್ವಾಸಕೋಶ ಮಾತ್ರ ಆದರೆ ಸಾಮಾನ್ಯವಾಗಿ 6ರಿಂದ 12 ತಿಂಗಳು. ಮೆದುಳೂ ಸೇರಿದರೆ ವರ್ಷ ಅಥವಾ ಜಾಸ್ತಿ.

ಒಂದೇಕಿಡ್ನಿ
ಮೆದುಳಿನಲ್ಲಿ ಒಂದು ಚಿಕ್ಕ ಚುಕ್ಕೆ ಇದೆ. ಈಗ ಇಮಿಪೆನೆಮ್ ಎಂಬ ಆಂಟಿಬಯಾಟಿಕ್ ಡ್ರಿಪ್ ಮತ್ತು ದೊಡ್ಡ ಡೋಸಿನಲ್ಲಿ ಅದೇ ಕೋ-ಟ್ರೈಮಾಕ್ಸಜೋಲ್. ತಲೆ ಕೆಡುತ್ತಿದೆ. ದಿನಾ ನುಂಗುತ್ತಿದ್ದ ಮಾತ್ರೆ ತಡೆಯಲಿಲ್ಲ, ಅದೇ ಮಾತ್ರೆ ವಾಸಿ ಮಾಡುತ್ತದಾ?

ಲ್ಯಾಬ್_ಕೋಟು
ಮಾಡುತ್ತದೆ. ತಡೆಗೆ ಕೊಡುವ ಡೋಸು ಪುಟ್ಟದು. ಅದು ಮುಖ್ಯವಾಗಿ ನ್ಯುಮೊಸಿಸ್ಟಿಸ್ ಎಂಬ ಫಂಗಸ್ ನ್ಯುಮೋನಿಯಾ ತಡೆಯಲು. ಜೊತೆಗೆ ಮೂತ್ರದ ಸೋಂಕು, ಲಿಸ್ಟೀರಿಯಾ (ಆಹಾರದಿಂದ ಬರುವ ಬ್ಯಾಕ್ಟೀರಿಯಾ), ನೊಕಾರ್ಡಿಯಾ ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಮಾತ್ರೆ ನುಂಗುತ್ತಿದ್ದವರಲ್ಲಿ ಬಂದ ನೊಕಾರ್ಡಿಯಾ ಕೂಡ ಎಷ್ಟೋ ಸಲ ಅದೇ ಮದ್ದಿಗೆ ಬಗ್ಗುತ್ತದೆ. ಆದರೆ ನೊಕಾರ್ಡಿಯಾದಲ್ಲಿ ಹಲವು ಜಾತಿ. ಯಾವ ಜಾತಿ, ಯಾವ ಮದ್ದಿಗೆ ಬಗ್ಗುತ್ತದೆ ಅನ್ನೋ ರಿಪೋರ್ಟ್ ಬರುವ ತನಕ ಎರಡು ಮದ್ದು ಕೊಡೋದು ಅದಕ್ಕೇ.

ಮಾತ್ರೆಡಬ್ಬಿ
ದೊಡ್ಡ ಡೋಸಿನಲ್ಲಿ ಪೊಟ್ಯಾಸಿಯಂ ಮೇಲೆ ಕಣ್ಣಿಡಿ. ಟ್ಯಾಕ್ರೋಲಿಮಸ್ ಒಂದು ಕಡೆ ಏರಿಸುತ್ತದೆ, ಕೋ-ಟ್ರೈಮಾಕ್ಸಜೋಲ್ ಒಳಗಿರುವ ಟ್ರೈಮೆಥೊಪ್ರಿಮ್ ಇನ್ನೊಂದು ಕಡೆ. ಬಿಳಿ ರಕ್ತಕಣ ಇಳಿಯಬಹುದು, ಕಸಿಯ ಇನ್ನೊಂದು ಮದ್ದು ಮೈಕೋಫಿನೊಲೇಟ್ ಜೊತೆಗಿದ್ದರೆ ಇನ್ನೂ ಜಾಸ್ತಿ. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಗಾಬರಿ ಬೇಡ. ಟ್ರೈಮೆಥೊಪ್ರಿಮ್ ಕ್ರಿಯಾಟಿನಿನ್ ಹೊರಹೋಗುವ ಒಂದು ದಾರಿಯನ್ನು ತಡೆಯುತ್ತದೆ, ಕಿಡ್ನಿ ಕೆಡದೆಯೂ ಸಂಖ್ಯೆ ಏರುತ್ತದೆ. ಏರುತ್ತಲೇ ಹೋದರೆ ಮಾತ್ರ ಬೇರೆ ಯೋಚನೆ.

ಇಲ್ಲಿ ಓದುವ ಉಳಿದವರಿಗೂ ಒಂದು ಮಾತು. ಕೆಮ್ಮು ಅಂತ ಹೋದಾಗ ಯಾರಾದರೂ ಕ್ಲಾರಿಥ್ರೊಮೈಸಿನ್ ಬರೆದುಕೊಟ್ಟರೆ, ನೆಫ್ರಾಲಜಿಸ್ಟನ್ನು ಕೇಳದೆ ನುಂಗಬೇಡಿ. ರಿಫಾಂಪಿಸಿನ್‌ಗೆ ಉಲ್ಟಾ ಇದು, ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತದೆ. ಅಜಿಥ್ರೊಮೈಸಿನ್‌ಗೆ ಆ ಕಾಟ ತುಂಬಾ ಕಡಿಮೆ. ಭೇದಿ ಆದಾಗಲೂ ಮಟ್ಟ ಏರುತ್ತದೆ. ಇಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಸುಮ್ನೆ_ಓದುಗ
ಭೇದಿ ವಿಷಯ ಹೊಸದು ನನಗೆ. ಥ್ಯಾಂಕ್ಸ್.

ಎರಡನೇ_ಇನಿಂಗ್ಸ್
ಅಕ್ಕ, ಶಕ್ತಿ ತಗ್ಗಿಸುವ ಮಾತ್ರೆಗಳನ್ನು ಕಡಿಮೆ ಮಾಡುತ್ತಾರೆ ಅನಿಸುತ್ತದೆ. ಅದನ್ನು ಡಾಕ್ಟರ್ ಮಾಡಲಿ. ಮನೆಯವರು ಹೆದರಿ ತಾವೇ ನಿಲ್ಲಿಸಿದ್ದು ನೋಡಿದ್ದೇನೆ. ಸೋಂಕು ಹೋಯಿತು, ಕಿಡ್ನಿಯೂ ಹೋಯಿತು.

ಒಂದೇಕಿಡ್ನಿ
ಮೈಕೋಫಿನೊಲೇಟ್ ಸದ್ಯಕ್ಕೆ ನಿಲ್ಲಿಸಿದ್ದಾರೆ, ಟ್ಯಾಕ್ರೋಲಿಮಸ್ ಸ್ವಲ್ಪ ಇಳಿಸಿದ್ದಾರೆ. ನನ್ನ ಕಿಡ್ನಿ ಅದು, ಹೋಗಲು ಬಿಡುವುದಿಲ್ಲ. ಅಣ್ಣನಿಗೂ ಹಾಗೇ ಹೇಳಿದ್ದೇನೆ.

ಬೆಕ್ಕಿನಮನೆ
ಮನೆಯಲ್ಲಿ ಬೆಕ್ಕಿದೆ, ಯಜಮಾನರಿಗೆ ಮುಂದಿನ ತಿಂಗಳು ಕಸಿ. ಬೆಕ್ಕನ್ನು ಕಳಿಸಿಬಿಡಿ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ.

ಲ್ಯಾಬ್_ಕೋಟು
ಕಳಿಸಬೇಕಿಲ್ಲ. ಬೆಕ್ಕು ಪರಚಿದರೆ ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬರಬಹುದು, ಚಿಗಟ ಅದನ್ನು ಹರಡುತ್ತದೆ. ಹಾಗಾಗಿ ಚಿಗಟಕ್ಕೆ ಮದ್ದು ಹಾಕಿಸಿ, ತುಂಟ ಮರಿಗಳ ಜೊತೆ ಆಟ ಬೇಡ, ಪರಚಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ. ಅದರ ಮಲದ ಡಬ್ಬಿ ನೀವು ತೆಗೆಯಿರಿ, ಅವರು ಬೇಡ.

ಜಗಳಗಂಟ
ಬೆಕ್ಕಿಗಿಂತ ಫ್ರಿಜ್ ಅಪಾಯ. ಲಿಸ್ಟೀರಿಯಾ 4 ಡಿಗ್ರಿಯಲ್ಲೂ ಬೆಳೆಯುತ್ತದೆ. ಕಾಯಿಸದ ಹಾಲು, ಅದರಿಂದ ಮಾಡಿದ ಮೆತ್ತನೆ ಚೀಸ್ ಬೇಡ. ದಿನಗಟ್ಟಲೆ ಇಟ್ಟಿದ್ದನ್ನು ಬಿಸಿ ಮಾಡದೆ ತಿನ್ನಬೇಡಿ. ಇದರಲ್ಲಿ ಯಾರಾದರೂ ನನ್ನ ಜೊತೆ ಜಗಳ ಆಡುತ್ತೀರಾ?

ಪಿಜಿ_ನಿದ್ದೆಗೆಟ್ಟವ
ಇಲ್ಲ, ಈ ಸಲ ನೀವೇ ಸರಿ. ಇನ್ನೊಂದು ಸೇರಿಸುತ್ತೇನೆ. ಲಿಸ್ಟೀರಿಯಾ ಮೆದುಳುಜ್ವರಕ್ಕೆ ಸೆಫ್ಟ್ರಿಯಾಕ್ಸೋನ್ ಏನೂ ಮಾಡುವುದಿಲ್ಲ, ಆಂಪಿಸಿಲಿನ್ ಬೇಕು. ತುರ್ತು ವಿಭಾಗಕ್ಕೆ ಹೋದರೆ "ಕಸಿ ಆದವರು" ಅನ್ನೋದನ್ನು ಮೊದಲ ವಾಕ್ಯದಲ್ಲೇ ಹೇಳಿ.

ಬೆಕ್ಕಿನಮನೆ
ಲಸಿಕೆ ಎಲ್ಲ ಕಸಿಗೆ ಮುಂಚೆಯೇ ಹಾಕಿಸಬೇಕಾ?

ಪಿಜಿ_ನಿದ್ದೆಗೆಟ್ಟವ
ಆದಷ್ಟು ಮುಂಚೆಯೇ. ನ್ಯುಮೊಕಾಕಸ್ ಲಸಿಕೆ ಮುಖ್ಯ. ಜೀವಂತ ಲಸಿಕೆ ಬೇಕಿದ್ದರೆ ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮೊದಲು, ಈಗಲೇ ಡಾಕ್ಟರನ್ನು ಕೇಳಿ. ಕಸಿ ಆದ ಮೇಲೆ ಬಿಸಿಜಿ, ದಡಾರದಂಥ ಜೀವಂತ ಲಸಿಕೆಗಳು ಬೇಡ.

ಪಿಎಚ್_ಪರದಾಟ
ನಾನೂ ಒಂದು ಕೇಳಲಾ? ಕಸಿ ಆಗಿದೆ, ಮೂತ್ರನಾಳದ ಸ್ಟೆಂಟ್ (ಒಳಗಿಟ್ಟ ಕೊಳವೆ) ತೆಗೆದ ಮೇಲೆ ಉರಿ ಶುರುವಾಗಿದೆ. ಮೂತ್ರದಲ್ಲಿ ಕೀವು ಕಣ ತುಂಬಾ, ಅಮೋನಿಯಾ ವಾಸನೆ. ಆದರೆ ಕಲ್ಚರ್ ಪ್ರತಿ ಸಲ "ಏನೂ ಬೆಳೆದಿಲ್ಲ".

ಲ್ಯಾಬ್_ಕೋಟು
ಮೂತ್ರದ ಪಿಎಚ್ (ಆಮ್ಲವೋ ಕ್ಷಾರವೋ ಅನ್ನೋ ಅಳತೆ) ಎಷ್ಟು ಅಂತ ರಿಪೋರ್ಟ್‌ನಲ್ಲಿ ನೋಡಿ. ಕೋರಿನೆಬ್ಯಾಕ್ಟೀರಿಯಂ ಯೂರಿಯಾಲಿಟಿಕಂ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಯೂರಿಯಾ ಒಡೆದು ಮೂತ್ರವನ್ನು ಕ್ಷಾರ ಮಾಡುತ್ತದೆ, ಮೂತ್ರನಾಳದ ಗೋಡೆಗೆ ಕಲ್ಲಿನ ಪದರ ಕಟ್ಟುತ್ತದೆ. ನಿಧಾನಕ್ಕೆ ಬೆಳೆಯುತ್ತದೆ, ಒಂದು ದಿನಕ್ಕೆ ಪ್ಲೇಟ್ ಎಸೆದರೆ ಸಿಗುವುದೇ ಇಲ್ಲ. ಲ್ಯಾಬಿಗೆ ಎರಡು ಮೂರು ದಿನ ಇಡಲು ಹೇಳಿ. ಟಿಬಿಗೂ ಕಳಿಸಿ, ಅದರಲ್ಲೂ ಕೀವು ಇದ್ದು ಕಲ್ಚರ್ ಖಾಲಿ ಬರುತ್ತದೆ.

ಪಿಎಚ್_ಪರದಾಟ
ಪಿಎಚ್ 8.5 ಇದೆ. ಮುಂದಿನ ವಾರ ಅಪಾಯಿಂಟ್‌ಮೆಂಟ್ ಇದೆ, ಆಗ ಹೇಳುತ್ತೇನೆ.

ಲ್ಯಾಬ್_ಕೋಟು
8.5 ಅಂದರೆ ಕ್ಷಾರ. ಮುಂದಿನ ವಾರ ಬೇಡ. ಈಗಲೇ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಬೇಕಾ ಅಂತಲೂ ಕೇಳಿ.